ಜರ್ಮನಿಗೆ ಹೊರಟ ತಂಗಿಗೆ

ತಂಗಿ,

ಬಾಗಲಕೋಟೆಯ ನವನಗರದಿಂದ ನೀನು ಬರೆದ ಪತ್ರದಲ್ಲಿ ಮೂರು ಪ್ರಶ್ನೆಗಳಿವೆ: ಸ್ಟುಟ್‌ಗಾರ್ಟ್‌ನಲ್ಲಿ ಬಾಡಿಗೆ ಮನೆ ಸಿಗುತ್ತದೆಯೇ, ಊರಿನಿಂದ ಏನೇನು ತರಬೇಕು, ಅಲ್ಲಿ ಮಗುವಾದರೆ ನೌಕರಿ ಉಳಿಯುತ್ತದೆಯೇ. ಮನೆ ಸಿಗುವುದು ಕಷ್ಟ, ಕಂಪನಿಯವರನ್ನೇ ಬೆನ್ನು ಹತ್ತು. ಕಡಕ್ ರೊಟ್ಟಿ, ಗುರೆಳ್ಳು ಚಟ್ನಿ ಕಟ್ಟಿಕೊಂಡು ಬಾ. ಕುಂದಾ ಮಾತ್ರ ಬೇಡ, ಹೊರದೇಶದ ಹಾಲಿನ ಪದಾರ್ಥಗಳನ್ನು ಇಲ್ಲಿ ಒಳಗೆ ಬಿಡುವುದಿಲ್ಲ. 2009ರಲ್ಲಿ ನಾನು ಬೆಳಗಾವಿಯ ಶಹಾಪುರದಿಂದ ಬಂದಿಳಿದಾಗ ಅವ್ವ ಕೊಟ್ಟ ಡಬ್ಬಿ ವಿಮಾನ ನಿಲ್ದಾಣದಲ್ಲೇ ಕಸಕ್ಕೆ ಹೋಯಿತು. ಆ ಸಿಟ್ಟು ಇನ್ನೂ ಇಳಿದಿಲ್ಲ.

ಮೂರನೆಯದಕ್ಕೆ ಉತ್ತರ ಉದ್ದವಿದೆ.

ಕಾನೂನು ಕೇಳಿದರೆ ನಿನಗೆ ಹಿಗ್ಗಾಗುತ್ತದೆ. ಹೆರಿಗೆಗೆ ಮೊದಲು 6 ವಾರ, ನಂತರ 8 ವಾರ ರಜೆ. ಆಮೇಲೆ ತಾಯಿಗೂ ತಂದೆಗೂ ಮಗುವೊಂದಕ್ಕೆ 3 ವರ್ಷಗಳವರೆಗೆ ಪಾಲಕರ ರಜೆಯ ಹಕ್ಕಿದೆ. ಆ ಅವಧಿಗೆ ಸಂಬಳವಿಲ್ಲ, ಆದರೆ ಸುಲಭಕ್ಕೆ ಯಾರೂ ಕೆಲಸದಿಂದ ತೆಗೆಯುವಂತಿಲ್ಲ. ಮೊದಲ ವರ್ಷ ಸರ್ಕಾರವೇ ಭತ್ಯೆ ಕೊಡುತ್ತದೆ, ಕೈಗೆ ಬರುತ್ತಿದ್ದ ಸಂಬಳದ ಸುಮಾರು ಮೂರರಲ್ಲಿ ಎರಡು ಪಾಲು, ತಿಂಗಳಿಗೆ ಹೆಚ್ಚೆಂದರೆ 1800 ಯೂರೋ. ನಮ್ಮಲ್ಲೂ 2017ರಿಂದ 26 ವಾರ ಸಂಬಳ ಸಹಿತ ರಜೆ ಇದೆಯಲ್ಲ, ಅದೇನು ಸಣ್ಣದಲ್ಲ.

ಆದರೆ ಕುರ್ಚಿ ಉಳಿಯುವುದು ಬೇರೆ, ಕೆಲಸ ಉಳಿಯುವುದು ಬೇರೆ. ನಾನು ಬಸುರಿ ಎಂದು ತಿಳಿಸಿದ ದಿನ ನಮ್ಮ ವಿಭಾಗದ ಮುಖ್ಯಸ್ಥರು ಎದ್ದು ಬಂದು ಕೈಕುಲುಕಿದರು. ‘ಮೂರು ವರ್ಷ ಆರಾಮಾಗಿರು, ಅವಸರವೇನಿಲ್ಲ’ ಎಂದರು. ಒಳ್ಳೆಯ ಮನುಷ್ಯ, ಮನಸ್ಸಿನಿಂದಲೇ ಹೇಳಿದ್ದು. ಅರ್ಧ ಹೊತ್ತಿನ ಕೆಲಸಕ್ಕೆ ನಾನು ಮರಳಿದಾಗ ಹುದ್ದೆಯ ಹೆಸರು, ಸಂಬಳದ ಶ್ರೇಣಿ ಎಲ್ಲವೂ ಇದ್ದಲ್ಲೇ ಇದ್ದವು. ಕೈಯಾರೆ ಕಟ್ಟಿದ ಬ್ರೇಕ್ ಪರೀಕ್ಷೆಯ ಯೋಜನೆ ಮಾತ್ರ ನಾನೇ ಕೆಲಸ ಕಲಿಸಿದ ಹುಡುಗನ ಕೈಯಲ್ಲಿತ್ತು. ಅರ್ಧ ಹೊತ್ತಿನವರಿಗೆ ಅಂಥದ್ದನ್ನು ವಹಿಸುವುದು ಕಷ್ಟ ಎಂದರು. ದೂರು ಕೊಡಲು ಯಾರ ತಪ್ಪೂ ಇರಲಿಲ್ಲ. ಆ ಯೋಜನೆ ನನಗೆ ಮತ್ತೆ ಸಿಗಲೇ ಇಲ್ಲ, ಇಂದಿಗೂ ಅದರ ಮಾತು ಬಂದರೆ ನಾನು ಎದ್ದು ಕಾಫಿಗೆ ಹೋಗುತ್ತೇನೆ.

ಇದು ಒಂದು ಕಂಪನಿಯ ಕಥೆಯಲ್ಲ, ಸೀಮೆಯ ರೂಢಿ. ಸ್ಟುಟ್‌ಗಾರ್ಟ್ ಸೇರಿದ್ದ ಪಶ್ಚಿಮ ಜರ್ಮನಿಯಲ್ಲಿ ಹೆಂಡತಿ ಹೊರಗೆ ದುಡಿಯುವುದು ಮನೆಯ ಹೊಣೆಗೆ ಅಡ್ಡಿಯಾಗಬಾರದು ಎಂಬ ಮಾತು 1977ರವರೆಗೆ ಕಾನೂನಿನಲ್ಲೇ ಇತ್ತು. ಕೂಸನ್ನು ಬೇಗ ಶಿಶುವಿಹಾರಕ್ಕೆ ಬಿಟ್ಟವಳ ಬಗ್ಗೆ ಇಲ್ಲಿನ ಅತ್ತೆಯರು ಆಡುವ ಮಾತು ನಮ್ಮ ಓಣಿಯ ಕಟ್ಟೆಯ ಮಾತಿಗಿಂತ ಬೇರೆಯಲ್ಲ. ಪೂರ್ವದಲ್ಲಿ ಹಾಗಲ್ಲ. ಅಲ್ಲಿ ಸಮಾಜವಾದಿ ಸರ್ಕಾರದ ಕಾಲದಿಂದಲೂ ಕೂಸುಗಳು ಶಿಶುವಿಹಾರದಲ್ಲೇ ಬೆಳೆದವು. ಪೂರ್ವದ ಲೈಪ್‌ಜಿಗ್‌ನಿಂದ ಬಂದ ನನ್ನ ಸಹೋದ್ಯೋಗಿ ವರ್ಷ ತುಂಬುವುದರೊಳಗೆ ಪೂರ್ತಿ ಕೆಲಸಕ್ಕೆ ಮರಳಿದಳು, ಅವಳ ತಾಯಿಗೆ ಅದು ಸುದ್ದಿಯೇ ಅಲ್ಲ. ನಮ್ಮಿಬ್ಬರಿಗೂ ಕಾನೂನು ಒಂದೇ. ಅವಳು ಈಗ ಒಂದು ವಿಭಾಗ ನಡೆಸುತ್ತಾಳೆ.

ಊರಿನಲ್ಲಿ ಕುಬಸ ಮುಗಿಸಿ ತವರಿಗೆ ಹೋದರೆ ಮುಂದಿನದನ್ನು ಅವ್ವಂದಿರು ನೋಡಿಕೊಳ್ಳುತ್ತಾರೆ. ಇಲ್ಲಿಗೆ ಅವ್ವನನ್ನು ಕರೆಸಿದರೆ ಷೆಂಗೆನ್ ವೀಸಾದಲ್ಲಿ, ಅಂದರೆ ಯೂರೋಪಿಗೆ ಭೇಟಿ ಕೊಡುವವರ ವೀಸಾದಲ್ಲಿ, ಇರಬಹುದಾದದ್ದು 180 ದಿನಗಳಲ್ಲಿ 90 ದಿನ ಮಾತ್ರ. ಬಾಣಂತನವೇನೋ ಆಗುತ್ತದೆ, ಕೂಸು ಅವಳ ಮುಖ ಗುರುತು ಹಿಡಿಯುವ ಹೊತ್ತಿಗೆ ಅವಳು ಹೊರಡಬೇಕು. ನನ್ನ ಅವ್ವ ಹೊರಟ ಮೇಲೆ ಕೆಲವು ವಾರ ಮನೆಯಲ್ಲಿ ಅಜವಾನದ ಹೊಗೆಯ ವಾಸನೆ ಇತ್ತು.

ಆದ್ದರಿಂದ ಹೀಗೆ ಮಾಡು. ರಜೆಗೆ ಹೋಗುವ ಮುನ್ನ ನಿನ್ನ ಕೆಲಸ ಯಾರಿಗೆ ಹೋಗುತ್ತದೆ, ಯಾವಾಗ ಮರಳಿ ಬರುತ್ತದೆ ಎಂಬುದನ್ನು ಬರೆಸಿಕೋ. ಪಾಲಕರ ರಜೆಯಲ್ಲಿರುವಾಗಲೂ ವಾರಕ್ಕೆ 32 ಗಂಟೆಯವರೆಗೆ ದುಡಿಯಬಹುದು, ಗಂಡನೂ ಕೆಲವು ತಿಂಗಳು ರಜೆ ಹಾಕಲಿ. ಅವನ ಅವ್ವ ಫೋನಿನಲ್ಲಿ ಏನೆನ್ನುತ್ತಾರೆಂದು ನಿನಗೆ ಗೊತ್ತೇ ಇದೆ, ಅದಕ್ಕೆ ಉತ್ತರ ಅವನೇ ಕೊಡಲಿ. ವರ್ಷ ತುಂಬಿದ ಮಗುವಿಗೆ ಶಿಶುವಿಹಾರದಲ್ಲಿ ಜಾಗ ಪಡೆಯುವ ಹಕ್ಕು 2013ರಿಂದ ಇದೆ, ಆದರೆ ಎಷ್ಟೋ ಕಡೆ ಜಾಗವೇ ಇರುವುದಿಲ್ಲ. ಹೊಟ್ಟೆಯಲ್ಲಿರುವಾಗಲೇ ಹೆಸರು ಹಚ್ಚು. ಇನ್ನೊಂದು, ಬಂದ ಕೂಡಲೇ ಗಂಡ ಮೂರನೆಯ ತೆರಿಗೆ ವರ್ಗ (ತಿಂಗಳ ಸಂಬಳದಲ್ಲಿ ಕಡಿಮೆ ಕಡಿತ), ಹೆಂಡತಿ ಐದನೆಯದು (ಹೆಚ್ಚು ಕಡಿತ) ಎಂದು ಬರೆಸಿಬಿಡುತ್ತಾರೆ. ಹಾಗಾದರೆ ನಿನ್ನ ಕೈಗೆ ಬರುವ ಸಂಬಳ ಕಡಿಮೆಯಾಗಿ ಮಗುವಾದಾಗ ಸರ್ಕಾರ ಕೊಡುವ ಆ ಭತ್ಯೆಯೂ ಕುಗ್ಗುತ್ತದೆ, ಬಸುರಿಯಾದ ಮೇಲೆ ಬದಲಾಯಿಸಲು ಹೋದರೆ ತಡವಾಗಬಹುದು. ಇಬ್ಬರೂ ನಾಲ್ಕನೆಯ ವರ್ಗ ಎಂದು ಬರೆಸಿ.