ಅರ್ಧಕ್ಕೆ ನಿಲ್ಲುವ ಇನ್‌ಸ್ಟಾಲೇಷನ್: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಬಾರಿ ಆಯ್ದುಕೊಂಡಿರುವ ಪ್ರಶ್ನೆಗಳೆಲ್ಲವೂ ಮನೆಯ ಕಂಪ್ಯೂಟರಿನಲ್ಲಿ ವಿಂಡೋಸ್ ಬಳಸುವ ಓದುಗರಿಂದ ಬಂದವು; ತಂತ್ರಾಂಶವೊಂದನ್ನು ಇನ್‌ಸ್ಟಾಲ್ ಮಾಡಲು ಹೋಗಿ ನಡುವೆಯೇ ತಡೆ ಎದುರಿಸಿದವರ ಪ್ರಶ್ನೆಗಳು. ಮುಂದೆ ಪ್ರಶ್ನೆ ಕಳುಹಿಸುವವರಲ್ಲಿ ಒಂದು ಕೋರಿಕೆ: “ಏನೋ ಎರರ್ ಬಂತು” ಎಂದಷ್ಟೇ ಬರೆದರೆ ನಾವು ಊಹಿಸಿ ಉತ್ತರಿಸಬೇಕಾಗುತ್ತದೆ. ಸಂದೇಶದಲ್ಲಿದ್ದ ಸಂಖ್ಯೆಯನ್ನೂ ಪದಗಳನ್ನೂ ಇದ್ದುದು ಇದ್ದಂತೆಯೇ ಬರೆದು ಕಳುಹಿಸಿ.

ಪ್ರಶ್ನೆ: ಲೆಕ್ಕಪತ್ರ ಇಡುವ ತಂತ್ರಾಂಶವೊಂದರ ಹೊಸ ಆವೃತ್ತಿಯನ್ನು ಇನ್‌ಸ್ಟಾಲ್ ಮಾಡುವಾಗ ಪ್ರಗತಿಯ ಪಟ್ಟಿ ಮುಕ್ಕಾಲು ಭಾಗ ಮುಂದೆ ಹೋಗಿ, ಮತ್ತೆ ಹಿಂದಕ್ಕೆ ಸರಿದು, “ಎರರ್ 1603, ಫೇಟಲ್ ಎರರ್ ಡ್ಯೂರಿಂಗ್ ಇನ್‌ಸ್ಟಾಲೇಷನ್” ಎಂಬ ಸಂದೇಶ ಬರುತ್ತದೆ. ನಾಲ್ಕು ಸಲ ಪ್ರಯತ್ನಿಸಿದ್ದೇನೆ. ಹಾರ್ಡ್ ಡಿಸ್ಕ್ ಕೆಟ್ಟಿದೆಯೆ? ವಿಂಡೋಸನ್ನೇ ಹೊಸದಾಗಿ ಹಾಕಬೇಕೆ?

ಉತ್ತರ: ಅಷ್ಟು ದೂರ ಹೋಗಬೇಕಾಗಿಲ್ಲ. “ಫೇಟಲ್” ಎಂಬ ಮಾತು ಗಾಬರಿ ಹುಟ್ಟಿಸುವಂತಿದ್ದರೂ, ಇನ್‌ಸ್ಟಾಲರ್ ಇನ್ನು ಮುಂದುವರಿಯಲಾರದು ಎಂಬುದಷ್ಟೇ ಅದರ ಅರ್ಥ. ಕಂಪ್ಯೂಟರಿಗೆ ಹಾನಿಯಾಗಿದೆ ಎಂದಲ್ಲ. ಪಟ್ಟಿ ಹಿಂದಕ್ಕೆ ಸರಿಯಿತು ಎಂದಿದ್ದೀರಿ. ಅದು ರೋಲ್‌ಬ್ಯಾಕ್, ಅಂದರೆ ಅಲ್ಲಿಯವರೆಗೆ ನಕಲು ಮಾಡಿದ್ದ ಕಡತಗಳನ್ನೂ ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಕಡತ) ಬರೆದಿದ್ದ ನಮೂದುಗಳನ್ನೂ ವಿಂಡೋಸ್ ಇನ್‌ಸ್ಟಾಲರ್ ತಾನಾಗಿಯೇ ತೆಗೆದು ಹಾಕಿ, ಮೊದಲಿನ ಸ್ಥಿತಿಗೆ ಮರಳಲು ಪ್ರಯತ್ನಿಸಿತು ಎಂದರ್ಥ.

ತೊಡಕಿರುವುದು 1603 ಎಂಬ ಸಂಖ್ಯೆಯಲ್ಲಿಯೇ. ನಡುವಿನ ಯಾವುದೋ ಒಂದು ಹಂತ ವಿಫಲವಾಯಿತು ಎಂದು ಅದು ಕೊನೆಯಲ್ಲಿ ಹೇಳುತ್ತದೆಯೇ ಹೊರತು ಯಾವ ಹಂತ ಎಂದು ಹೇಳುವುದಿಲ್ಲ. ಅದೇ ಸಂಖ್ಯೆಗೆ ಒಬ್ಬರಿಗೆ ಫಲಿಸಿದ ಪರಿಹಾರ ಇನ್ನೊಬ್ಬರಿಗೆ ಫಲಿಸದಿರುವುದು ಇದರಿಂದಲೇ. ಮೈಕ್ರೋಸಾಫ್ಟ್ ತಾನೇ ಪಟ್ಟಿ ಮಾಡಿರುವ ಸಾಮಾನ್ಯ ಕಾರಣಗಳು ಕೆಲವಿವೆ: ಅದೇ ತಂತ್ರಾಂಶ ಈಗಾಗಲೇ ಇನ್‌ಸ್ಟಾಲ್ ಆಗಿರುವುದು, ಇನ್‌ಸ್ಟಾಲ್ ಮಾಡಬೇಕಾದ ಫೋಲ್ಡರ್ ಎನ್‌ಕ್ರಿಪ್ಟ್ ಆಗಿರುವುದು, ಮತ್ತು ಆ ಫೋಲ್ಡರಿನ ಮೇಲೆ “ಸಿಸ್ಟಮ್” ಎಂಬ ಖಾತೆಗೆ ಪೂರ್ಣ ಅಧಿಕಾರ ಇಲ್ಲದಿರುವುದು. ನೀವು ಅಡ್ಮಿನಿಸ್ಟ್ರೇಟರ್ ಆಗಿದ್ದೂ ಇನ್‌ಸ್ಟಾಲೇಷನ್ ಸೋಲಬಹುದು, ಏಕೆಂದರೆ ಕಡತಗಳನ್ನು ಬರೆಯುವ ಕೆಲಸವನ್ನು ಹಿನ್ನೆಲೆಯಲ್ಲಿ ಮಾಡುವುದು ನಿಮ್ಮ ಖಾತೆಯಲ್ಲ, ಆ ಸಿಸ್ಟಮ್ ಖಾತೆ.

ನೀವು ಹಾಕುತ್ತಿರುವುದು ಹೊಸ ಆವೃತ್ತಿಯಾದ್ದರಿಂದ ಮೊದಲ ಅನುಮಾನ ಹಳೆಯ ಆವೃತ್ತಿಯ ಮೇಲೆ. ಲೆಕ್ಕದ ದತ್ತಾಂಶವನ್ನು ಬೇರೆ ಡ್ರೈವಿನಲ್ಲಿ ನಕಲು ಮಾಡಿಟ್ಟುಕೊಂಡು (ಇದನ್ನು ಮರೆತು ಮುಂದಿನ ಹೆಜ್ಜೆ ಇಡಬೇಡಿ), ಸೆಟ್ಟಿಂಗ್ಸ್‌ನ ಆ್ಯಪ್‌ಗಳ ಪಟ್ಟಿಯಿಂದ ಹಳೆಯ ಆವೃತ್ತಿಯನ್ನು ತೆಗೆದು, ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ, ಅನಂತರ ಪ್ರಯತ್ನಿಸಿ. ಆಗಲೂ 1603 ಬಂದರೆ ಊಹೆಯನ್ನು ಬಿಟ್ಟು ಲಾಗ್ ಕಡತವನ್ನು, ಅಂದರೆ ಇನ್‌ಸ್ಟಾಲರ್ ತನ್ನ ಪ್ರತಿ ಹಂತವನ್ನೂ ಬರೆದಿಡುವ ದಾಖಲೆಯನ್ನು, ನೋಡಬೇಕು. ನಿಮ್ಮ ಇನ್‌ಸ್ಟಾಲರ್ ಕಡತದ ಹೆಸರು “ಎಂಎಸ್‌ಐ” ಎಂದು ಕೊನೆಗೊಳ್ಳುವುದಾದರೆ, ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು, ಆ ಕಡತವಿರುವ ಫೋಲ್ಡರಿಗೆ ಹೋಗಿ, “ಎಂಎಸ್‌ಐಎಕ್ಸೆಕ್ /ಐ ಸೆಟಪ್.ಎಂಎಸ್‌ಐ /ಎಲ್*ವಿ ಲಾಗ್.ಟಿಎಕ್ಸ್‌ಟಿ” ಎಂಬ ಆಜ್ಞೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪಿಸಿ, ಸೆಟಪ್ ಎಂಬಲ್ಲಿ ನಿಮ್ಮ ಕಡತದ ಹೆಸರಿರಲಿ. ಇನ್‌ಸ್ಟಾಲೇಷನ್ ನಿಂತ ಮೇಲೆ ಆ ಲಾಗ್ ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಸಾವಿರಾರು ಸಾಲುಗಳು ಕಾಣುತ್ತವೆ. ಅವನ್ನೆಲ್ಲ ಓದಬೇಕಾಗಿಲ್ಲ. “ರಿಟರ್ನ್ ವ್ಯಾಲ್ಯೂ 3” ಎಂದು ಹುಡುಕಿ, ಅದು ಮೊದಲು ಸಿಕ್ಕ ಜಾಗದಿಂದ ಹತ್ತಿಪ್ಪತ್ತು ಸಾಲು ಮೇಲಕ್ಕೆ ಹೋಗಿ. ಯಾವ ಕಡತವನ್ನು ಬರೆಯಲಾಗಲಿಲ್ಲ, ಯಾವ ಸೇವೆ ಆರಂಭವಾಗಲಿಲ್ಲ ಎಂಬ ನಿಜವಾದ ಕಾರಣ ಸಾಮಾನ್ಯವಾಗಿ ಅಲ್ಲಿರುತ್ತದೆ. ಅದು ಅರ್ಥವಾಗದಿದ್ದರೆ ಆ ಸಾಲುಗಳನ್ನೇ ತಂತ್ರಾಂಶ ತಯಾರಕರಿಗೆ ಕಳುಹಿಸಿ. ಬರಿಯ 1603 ಎಂದು ಬರೆದುದಕ್ಕಿಂತ ಬಹಳ ಬೇಗ ಉತ್ತರ ಸಿಗುತ್ತದೆ.

ಪ್ರಶ್ನೆ: ಚಿತ್ರ ತಿದ್ದುವ ತಂತ್ರಾಂಶವೊಂದು ಸರಿಯಾಗಿ ಇನ್‌ಸ್ಟಾಲ್ ಆಯಿತು, ಆದರೆ ತೆರೆದರೆ “ಎಂಎಸ್‌ವಿಸಿಪಿ140.ಡಿಎಲ್‌ಎಲ್ ಇಲ್ಲ” ಎಂದಿತು. ಆ ಹೆಸರಿನ ಕಡತವನ್ನು ಅಂತರ್ಜಾಲದಲ್ಲಿ ಹುಡುಕಿ ಇಳಿಸಿಕೊಂಡು ತಂತ್ರಾಂಶದ ಫೋಲ್ಡರಿನಲ್ಲಿ ಇಟ್ಟೆ. ಈಗ ಆ ಸಂದೇಶ ಹೋಗಿ “0ಎಕ್ಸ್‌ಸಿ000007ಬಿ” ಎಂಬ ಇನ್ನೊಂದು ದೋಷ ಬಂದಿದೆ.

ಉತ್ತರ: ಎರಡನೆಯ ದೋಷ ನೀವು ತಂದಿಟ್ಟ ಕಡತದಿಂದಲೇ ಬಂದಿರುವ ಸಾಧ್ಯತೆ ಹೆಚ್ಚು. 64 ಬಿಟ್ ತಂತ್ರಾಂಶವು 32 ಬಿಟ್ ಡಿಎಲ್‌ಎಲ್ ಕಡತವನ್ನು (ತಂತ್ರಾಂಶಗಳು ಹಂಚಿಕೊಂಡು ಬಳಸುವ ಸಹಾಯಕ ಕಡತ) ತೆರೆಯಲು ಹೋದಾಗ, ಅಥವಾ ಇದಕ್ಕೆ ವಿರುದ್ಧವಾಗಿ ಆದಾಗ, ವಿಂಡೋಸ್ ಹೇಳುವ ಮಾತು ಅದು. ಮೊದಲು ಆ ಕಡತವನ್ನು ಅಳಿಸಿ, ಆ್ಯಂಟಿವೈರಸ್‌ನಿಂದ ಒಮ್ಮೆ ಪೂರ್ಣ ತಪಾಸಣೆ ಮಾಡಿಸಿ. ಬಿಡಿ ಡಿಎಲ್‌ಎಲ್ ಕಡತಗಳನ್ನು ಹಂಚುವ ತಾಣಗಳಿಂದ ಏನನ್ನೂ ತರಬಾರದೆಂಬುದು ನಮ್ಮ ಖಚಿತ ಅಭಿಪ್ರಾಯ: ಆ ಕಡತ ಯಾವ ಆವೃತ್ತಿಯದು, ಅದರೊಳಗೆ ಮತ್ತೇನಿದೆ ಎಂದು ತಿಳಿಯುವ ದಾರಿ ಸಾಮಾನ್ಯ ಬಳಕೆದಾರರಿಗಿಲ್ಲ.

ಎಂಎಸ್‌ವಿಸಿಪಿ140 ಒಂಟಿ ಕಡತವಲ್ಲ. ಮೈಕ್ರೋಸಾಫ್ಟ್ ಉಚಿತವಾಗಿ ಕೊಡುವ ವಿಷುಯಲ್ ಸಿ++ ರೀಡಿಸ್ಟ್ರಿಬ್ಯೂಟಬಲ್ ಎಂಬ ಕಟ್ಟಿನ ಒಂದು ಭಾಗ. ವಿಷುಯಲ್ ಸ್ಟುಡಿಯೋ 2015ರಿಂದ 2022ರವರೆಗಿನ ಆವೃತ್ತಿಗಳಿಗೆಲ್ಲ ಒಂದೇ ಕಟ್ಟು ಸಾಕು. ಅದನ್ನು ಮೈಕ್ರೋಸಾಫ್ಟ್ ತಾಣದಿಂದಲೇ ಇಳಿಸಿಕೊಂಡು, ವಿಂಡೋಸ್ 64 ಬಿಟ್ ಆಗಿದ್ದರೂ “ಎಕ್ಸ್64” ಮತ್ತು “ಎಕ್ಸ್86” ಎರಡನ್ನೂ ಹಾಕಿಕೊಳ್ಳಿ, ಏಕೆಂದರೆ ಕಟ್ಟು ಹೊಂದಬೇಕಾದದ್ದು ತಂತ್ರಾಂಶದ ಬಿಟ್ ಸಂಖ್ಯೆಗೆ, ವಿಂಡೋಸಿನ ಬಿಟ್ ಸಂಖ್ಯೆಗಲ್ಲ. ಈ ಕಡತಗಳನ್ನು ಕೈಯಾರೆ ಇಡಲು ಹೋದವರು ಎಡವುವ ಜಾಗವೊಂದನ್ನು ಇಲ್ಲಿಯೇ ಹೇಳಬಹುದು: 64 ಬಿಟ್ ವಿಂಡೋಸಿನಲ್ಲಿ “ಸಿಸ್ಟಮ್32” ಎಂಬ ಫೋಲ್ಡರಿನಲ್ಲಿರುವುದು 64 ಬಿಟ್ ಕಡತಗಳು, 32 ಬಿಟ್ ಕಡತಗಳಿರುವುದು “ಸಿಸ್‌ವಾವ್64” ಎಂಬುದರಲ್ಲಿ. ಹೆಸರು ನೋಡಿ ಇಟ್ಟವರಿಗೆ ತಪ್ಪುವುದೇ ಹೆಚ್ಚು. ಕಟ್ಟನ್ನು ಇನ್‌ಸ್ಟಾಲ್ ಮಾಡಿದರೆ ಈ ಗೊಂದಲವೇ ಇರುವುದಿಲ್ಲ.

ಪ್ರಶ್ನೆ: ಹೊಸ ಲ್ಯಾಪ್‌ಟಾಪಿನಲ್ಲಿ ಬಳಕೆದಾರರ ಹೆಸರನ್ನು ಅಭಿಮಾನದಿಂದ ಕನ್ನಡ ಅಕ್ಷರಗಳಲ್ಲಿಯೇ ಕೊಟ್ಟೆ. ಹೆಚ್ಚಿನ ತಂತ್ರಾಂಶಗಳು ಇನ್‌ಸ್ಟಾಲ್ ಆಗಿವೆ. ಆದರೆ ಹಳೆಯದೊಂದು ನಿಘಂಟು ತಂತ್ರಾಂಶ ಮಾತ್ರ ತಾತ್ಕಾಲಿಕ ಕಡತವನ್ನು ಬರೆಯಲಾಗುತ್ತಿಲ್ಲ ಎನ್ನುತ್ತದೆ. ಫೋಲ್ಡರಿನ ಹೆಸರಿನಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳು ಕಾಣುತ್ತವೆ.

ಉತ್ತರ: ಆ ಚಿಹ್ನೆಗಳೇ ಕಾರಣವನ್ನು ತೋರಿಸಿಕೊಟ್ಟಿವೆ. ಯೂನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ವ್ಯವಸ್ಥೆ) ಅರಿಯದ ಹಳೆಯ ತಂತ್ರಾಂಶಗಳು ವಿಂಡೋಸಿನ ಕೋಡ್ ಪೇಜ್ ಎಂಬ ಅಕ್ಷರಪಟ್ಟಿಯ ಮೂಲಕ ಹೆಸರುಗಳನ್ನು ಓದುತ್ತವೆ. ರಷ್ಯನ್, ಗ್ರೀಕ್ ಮೊದಲಾದ ಭಾಷೆಗಳಿಗೆ ಅಂಥ ಪಟ್ಟಿಗಳಿದ್ದವು. ಕನ್ನಡವು ವಿಂಡೋಸಿಗೆ ಬಂದದ್ದೇ ಯೂನಿಕೋಡ್ ಮೂಲಕವಾದ್ದರಿಂದ ಅದಕ್ಕೆ ಅಂಥ ಪಟ್ಟಿ ಇಲ್ಲ. ಹೀಗಾಗಿ ಪಟ್ಟಿಯಲ್ಲಿಲ್ಲದ ಪ್ರತಿಯೊಂದು ಅಕ್ಷರವೂ ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ. ವಿಂಡೋಸ್ ಕಡತಗಳ ಹೆಸರಿನಲ್ಲಿ ಆ ಚಿಹ್ನೆಗೆ ಅವಕಾಶವೇ ಇಲ್ಲ. ಇಲ್ಲದ ಫೋಲ್ಡರಿನಲ್ಲಿ ಬರೆಯಲು ಹೊರಟ ಇನ್‌ಸ್ಟಾಲರ್ ಅಲ್ಲಿಯೇ ನಿಲ್ಲುತ್ತದೆ.

ಸೆಟ್ಟಿಂಗ್ಸ್‌ನಲ್ಲಿ ಖಾತೆಯ ಹೆಸರನ್ನು ಬದಲಿಸಿದರೆ ಪ್ರಯೋಜನವಿಲ್ಲ: ಪರದೆಯ ಮೇಲಿನ ಹೆಸರು ಬದಲಾಗುತ್ತದೆ, ಖಾತೆ ತೆರೆದಾಗ ಸೃಷ್ಟಿಯಾದ ಫೋಲ್ಡರಿನ ಹೆಸರು ಹಾಗೆಯೇ ಉಳಿಯುತ್ತದೆ. ಸುಲಭವಾದ ದಾರಿ ಇದು. ಸಿ ಡ್ರೈವಿನಲ್ಲಿ ನೇರವಾಗಿ “ಟೆಂಪ್” ಎಂಬ ಫೋಲ್ಡರನ್ನು ಇಂಗ್ಲಿಷ್ ಅಕ್ಷರಗಳ ಹೆಸರಿನಿಂದ ಸೃಷ್ಟಿಸಿ, ಸ್ಟಾರ್ಟ್ ಮೆನುವಿನಲ್ಲಿ “ಎನ್ವಿರಾನ್ಮೆಂಟ್ ವೇರಿಯಬಲ್ಸ್” ಎಂದು ಹುಡುಕಿ, ನಿಮ್ಮ ಖಾತೆಗೆ ಸೇರಿದ “ಟಿಇಎಂಪಿ” ಮತ್ತು “ಟಿಎಂಪಿ” ಎರಡರ ಬೆಲೆಯನ್ನೂ ಆ ಫೋಲ್ಡರಿನ ವಿಳಾಸಕ್ಕೆ ಬದಲಿಸಿ. ಹಳೆಯ ಬೆಲೆಗಳನ್ನು ಮೊದಲು ಒಂದೆಡೆ ಬರೆದಿಟ್ಟುಕೊಳ್ಳಿ. ಇನ್‌ಸ್ಟಾಲ್ ಆದ ಮೇಲೆಯೂ ನಿಘಂಟು ತೆರೆಯದಿದ್ದರೆ, ಅದು ತನ್ನ ದತ್ತಾಂಶವನ್ನೂ ನಿಮ್ಮ ಹೆಸರಿನ ಫೋಲ್ಡರಿನಲ್ಲಿ ಇಡಲೆತ್ನಿಸುತ್ತಿರಬಹುದು. ಆಗ ಇಂಗ್ಲಿಷ್ ಅಕ್ಷರಗಳ ಹೆಸರಿನ ಇನ್ನೊಂದು ಖಾತೆಯನ್ನು ತೆರೆದು ಅದರಲ್ಲಿ ಬಳಸುವುದೊಂದೇ ಉಪಾಯ. ಕನ್ನಡದ ಹೆಸರು ಕೊಟ್ಟದ್ದು ನಿಮ್ಮ ತಪ್ಪಲ್ಲ, ಆ ತಂತ್ರಾಂಶದ ಕೊರತೆ.

ಪ್ರಶ್ನೆ: ಏನನ್ನು ಇನ್‌ಸ್ಟಾಲ್ ಮಾಡಹೊರಟರೂ 1618 ಎಂಬ ದೋಷ ಬಂದು, ಬೇರೊಂದು ಇನ್‌ಸ್ಟಾಲೇಷನ್ ನಡೆಯುತ್ತಿದೆ ಎನ್ನುತ್ತದೆ. ನಾನು ಬೇರೇನನ್ನೂ ಆರಂಭಿಸಿಲ್ಲ.

ಉತ್ತರ: ನೀವು ಆರಂಭಿಸಿಲ್ಲ, ಹಿನ್ನೆಲೆಯಲ್ಲಿ ಯಾವುದೋ ತಂತ್ರಾಂಶ ತನ್ನನ್ನು ತಾನೇ ಅಪ್‌ಡೇಟ್ ಮಾಡಿಕೊಳ್ಳುತ್ತಿರಬಹುದು. ವಿಂಡೋಸ್ ಇನ್‌ಸ್ಟಾಲರ್ ಒಮ್ಮೆಗೆ ಒಂದೇ ಕೆಲಸ ಮಾಡುತ್ತದೆ. ಅರ್ಧ ಗಂಟೆ ಕಾಯಿರಿ, ಆಗಲೂ ಬಿಡದಿದ್ದರೆ ರೀಸ್ಟಾರ್ಟ್ ಮಾಡಿ.

ಪ್ರಶ್ನೆ: ಇನ್‌ಸ್ಟಾಲರ್ ತೆರೆದೊಡನೆ “ವಿಂಡೋಸ್ ಪ್ರೊಟೆಕ್ಟೆಡ್ ಯುವರ್ ಪಿಸಿ” ಎಂಬ ನೀಲಿ ಫಲಕ ಬರುತ್ತದೆ. ಆ್ಯಂಟಿವೈರಸ್ ಆಫ್ ಮಾಡಿ ಇನ್‌ಸ್ಟಾಲ್ ಮಾಡಲು ಪರಿಚಿತರೊಬ್ಬರು ಹೇಳುತ್ತಾರೆ.

ಉತ್ತರ: ಹಾಗೆ ಮಾಡಬೇಡಿ. ಆ ಫಲಕವನ್ನು ತೋರಿಸುವುದು ಸ್ಮಾರ್ಟ್‌ಸ್ಕ್ರೀನ್. ಕಡತದಲ್ಲಿ ವೈರಸ್ ಸಿಕ್ಕಿತು ಎಂದು ಅದು ಹೇಳುತ್ತಿಲ್ಲ, ಈ ಕಡತದ ಪರಿಚಯ ತನಗೆ ಸಾಲದು ಎನ್ನುತ್ತಿದೆ. ಕೆಲವೇ ಜನ ಇಳಿಸಿಕೊಂಡಿರುವ, ಡಿಜಿಟಲ್ ಸಹಿ ಇಲ್ಲದ ಸಣ್ಣ ತಂತ್ರಾಂಶಗಳಿಗೆ ಹೀಗಾಗುವುದು ಸಾಮಾನ್ಯ. ಆ್ಯಂಟಿವೈರಸ್ ಒಂದು ನಿರ್ದಿಷ್ಟ ಹೆಸರು ಹೇಳಿ ಕಡತವನ್ನು ತಡೆದಿದ್ದರೆ ಅದು ಬೇರೆಯೇ ಮಾತು, ಆಗ ಮುಂದುವರಿಯಲೇಬಾರದು.

ನಿಮ್ಮ ಕಡತ ತಯಾರಕರ ಸ್ವಂತ ತಾಣದಿಂದ ಬಂದದ್ದೆ ಎಂದು ಮೊದಲು ನೋಡಿ. ಕೆಲವು ತಾಣಗಳು ಕಡತದ ಜೊತೆಗೆ “ಎಸ್‌ಎಚ್‌ಎ-256” ಎಂಬ, ಕಡತದ ಬೆರಳಚ್ಚಿನಂತಿರುವ 64 ಅಕ್ಷರ-ಅಂಕಿಗಳ ಸಾಲನ್ನು ಪ್ರಕಟಿಸಿರುತ್ತವೆ. ಪವರ್‌ಶೆಲ್ ತೆರೆದು “ಗೆಟ್-ಫೈಲ್‌ಹ್ಯಾಷ್” ಎಂಬ ಆಜ್ಞೆಯ ಮುಂದೆ ಕಡತದ ಹೆಸರು ಕೊಟ್ಟರೆ ನಿಮ್ಮ ಕಡತದ ಸಾಲು ಬರುತ್ತದೆ. ಎರಡೂ ಒಂದೇ ಆಗಿದ್ದರೆ ಕಡತ ದಾರಿಯಲ್ಲಿ ಕೆಟ್ಟಿಲ್ಲ, ಬದಲಾಗಿಲ್ಲ ಎಂದು ತಿಳಿಯಬಹುದು. ಆದರೆ ತಾಣವೇ ಕಳ್ಳರ ಕೈಗೆ ಸಿಕ್ಕಿದ್ದರೆ ಅವರು ಸಾಲನ್ನೂ ಬದಲಿಸಿರಬಹುದಾದ್ದರಿಂದ, ಈ ಪರೀಕ್ಷೆ ತಾಣದ ಮೇಲಿನ ನಂಬಿಕೆಗೆ ಬದಲಿಯಲ್ಲ. ತಾಣವೂ ನಂಬಿಕೆಗೆ ಅರ್ಹ, ಸಾಲುಗಳೂ ಹೊಂದಿದವು ಎಂದಾದರೆ ಆ ಫಲಕದಲ್ಲಿ “ಮೋರ್ ಇನ್ಫೋ” ಒತ್ತಿ, “ರನ್ ಎನಿವೇ” ಆಯ್ದುಕೊಳ್ಳಿ. ಒಂದು ಅಕ್ಷರ ವ್ಯತ್ಯಾಸವಾದರೂ ಕಡತವನ್ನು ಅಳಿಸಿ ಮತ್ತೆ ಇಳಿಸಿಕೊಳ್ಳಿ. ಎರಡನೆಯ ಸಲವೂ ಹೊಂದದಿದ್ದರೆ ತಯಾರಕರಿಗೆ ಬರೆದು ಕೇಳುವವರೆಗೆ ಅದನ್ನು ತೆರೆಯಬೇಡಿ.