ಭಾವ ತಂದ ಜಪಾನಿ ಪೆಟ್ಟಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮ ಭಾವ ಕೊಚ್ಚಿಯ ಒಂದು ಹಳೇ ಸಾಮಾನಿನ ಅಂಗಡಿಯಿಂದ ಜಪಾನಿನ ಬಟ್ಟೆ ಪೆಟ್ಟಿಗೆ ತಂದಿದ್ದಾರೆ. ಎರಡು ಭಾಗ, ಒಂದರ ಮೇಲೊಂದು ಕೂರುತ್ತದೆ. ಅಗಲದ ಡ್ರಾಯರುಗಳು, ಕಬ್ಬಿಣದ ಹಿಡಿ. ಇನ್ನೂರು ವರ್ಷ ಹಳೆಯದು, ಸಮುರಾಯ್, ಅಂದರೆ ಅಲ್ಲಿನ ಹಳೇ ಕಾಲದ ಯೋಧರ, ಮನೆಯದ್ದು ಅಂತ ಅಂಗಡಿಯವರು ಹೇಳಿದರಂತೆ. ಆದರೆ ತುಂಬಾ ಹಗುರ. ಅಜ್ಜನ ಕಾಲದ ಹಲಸಿನ ಪೆಟ್ಟಿಗೆ ಅಲ್ಲಾಡಿಸಲೂ ಆಗುವುದಿಲ್ಲ, ಇದನ್ನು ಇಬ್ಬರು ಸಲೀಸಾಗಿ ಎತ್ತಿದರು. ಭಾವನಿಗೆ ಯಾರಾದರೂ ಟೋಪಿ ಹಾಕಿದರಾ?
– ಓದುಗರು, ಬದಿಯಡ್ಕ

ಉತ್ತರ: ಹಗುರ ಅಂತ ಸಂಶಯ ಬೇಡ. ಸಂಶಯ ಪಡಬೇಕಾದ್ದು ಆ ಸಮುರಾಯ್ ಕಥೆಯ ಮೇಲೆ.

ಇಂಥ ಪೆಟ್ಟಿಗೆಗೆ ಜಪಾನಿನಲ್ಲಿ ತನ್ಸು ಅನ್ನುತ್ತಾರೆ. ಬಟ್ಟೆ ಇಡುವ ತನ್ಸುವಿಗೆ ಅವರು ಹೆಚ್ಚಾಗಿ ಬಳಸುವುದು ಕಿರಿ ಎಂಬ ಮರ, ಪೌಲೋನಿಯಾ. ಅಲ್ಲಿನ ಮರಗಳಲ್ಲಿ ಇದೇ ಎಲ್ಲಕ್ಕಿಂತ ಹಗುರ. ಬೆಳೆಯುವುದೂ ಬೇಗ. ಹೆಣ್ಣು ಮಗು ಹುಟ್ಟಿದಾಗ ಒಂದು ಕಿರಿ ಗಿಡ ನೆಟ್ಟು, ಮದುವೆಯ ಹೊತ್ತಿಗೆ ಕಡಿದು ಅವಳಿಗೆ ಪೆಟ್ಟಿಗೆ ಮಾಡಿಸುವ ಪದ್ಧತಿ ಇತ್ತು. ನಮ್ಮಲ್ಲಿ ತೇಗ ನೆಟ್ಟವರು ಮೊಮ್ಮಗಳ ಮದುವೆವರೆಗೆ ಕಾಯಬೇಕು, ಅಷ್ಟೇ ವ್ಯತ್ಯಾಸ.

ಹಗುರ ಯಾಕೆ ಬೇಕಿತ್ತು ಅಂದರೆ ಬೆಂಕಿಯ ಭಯ. ಹಳೆಯ ಎಡೊ, ಅಂದರೆ ಈಗಿನ ಟೋಕಿಯೊ, ಪೂರ್ತಿ ಮರದ ಮನೆಗಳ ಊರು. 1657ರ ದೊಡ್ಡ ಬೆಂಕಿಯಲ್ಲಿ ಜನ ಚಕ್ರ ಇದ್ದ ಪೆಟ್ಟಿಗೆಗಳನ್ನು ಬೀದಿಗೆ ತಳ್ಳಿಕೊಂಡು ಬಂದರು, ದಾರಿಯೆಲ್ಲ ಕಟ್ಟಿಹೋಗಿ ಓಡುವವರಿಗೇ ಜಾಗ ಇಲ್ಲದಂತಾಯಿತು, ಕೊನೆಗೆ 1683ರಲ್ಲಿ ದೊಡ್ಡ ಊರುಗಳಲ್ಲಿ ಚಕ್ರದ ಪೆಟ್ಟಿಗೆಯನ್ನೇ ನಿಷೇಧಿಸಿದರು. ನಿಮ್ಮ ಪೆಟ್ಟಿಗೆಯ ಎರಡು ಪಕ್ಕದ ಕಬ್ಬಿಣವನ್ನು ಮೇಲಕ್ಕೆ ಎತ್ತಿ ನೋಡಿ. ಮೇಲಿನ ಹಲಗೆ ದಾಟಿ ನಿಂತರೆ ಅದು ಕೋಲು ತೂರಿಸಿ ಹೆಗಲ ಮೇಲೆ ಹೊರುವುದಕ್ಕೆ ಮಾಡಿದ್ದು. ಎರಡು ಭಾಗ ಮಾಡಿದ್ದೂ ಹೊರಲು ಸುಲಭವಾಗಲಿ ಅಂತಲೇ.

ಈಗ ವಯಸ್ಸು. ಸಮುರಾಯ್ ಆಳ್ವಿಕೆಯ ಎಡೊ ಕಾಲ 1868ಕ್ಕೆ ಮುಗಿಯಿತು. ಮಾರುಕಟ್ಟೆಗೆ ಬರುವ ಹಳೇ ತನ್ಸುಗಳಲ್ಲಿ ಜಾಸ್ತಿ ಅದರ ನಂತರದವು, ಮೇಜಿ ಕಾಲದವು (1868–1912) ಅಥವಾ ಇನ್ನೂ ಈಚಿನವು. ಒಂದು ಡ್ರಾಯರ್ ಪೂರ್ತಿ ಹೊರಗೆ ಎಳೆದು ತಲೆಕೆಳಗು ಮಾಡಿ, ಬೆಳಕಿಗೆ ಹಿಡಿಯಿರಿ. ಹಲಗೆ ಕೂಡಿಸಿದ ಕಡೆ ಬಿದಿರಿನ ಅಥವಾ ಮರದ ಮೊಳೆ ಕಂಡರೆ ಒಳ್ಳೆಯ ಕೆಲಸ. ದುಂಡು ತಲೆಯ ತಂತಿ ಮೊಳೆ ಇದ್ದರೆ ಈಚಿನದ್ದು, ಇಲ್ಲವೇ ಯಾರೋ ರಿಪೇರಿ ಮಾಡಿದ್ದಾರೆ. ಬೀಗದ ಸುತ್ತಲಿನ ತಗಡನ್ನೂ ಮುಟ್ಟಿ ನೋಡಿ. ಸುತ್ತಿಗೆಯಿಂದ ಬಡಿದದ್ದು ಒಂದೇ ದಪ್ಪ ಇರುವುದಿಲ್ಲ, ಮಿಷನ್ ತಗಡು ಎಲ್ಲ ಕಡೆ ಒಂದೇ ಸಮ, ತೆಳು. ಆಮೇಲೆ ಒಂದು ಡ್ರಾಯರನ್ನು ಬೇಗ ಮುಚ್ಚಿ. ಒಳಗಿನ ಗಾಳಿ ಒತ್ತಿ ಇನ್ನೊಂದು ಡ್ರಾಯರ್ ತಾನಾಗಿ ಮುಂದೆ ಬಂತಾ? ಹಾಗಾದರೆ ಮಾಡಿದ ಆಚಾರಿ ಪಳಗಿದವನು. ಭಾವ ದುಡ್ಡು ಕಳೆದುಕೊಂಡಿಲ್ಲ, ಕಥೆಗೆ ಮಾತ್ರ ಸ್ವಲ್ಪ ಜಾಸ್ತಿ ಕೊಟ್ಟಿರಬಹುದು.

ಪ್ರಶ್ನೆ: ನಮ್ಮಲ್ಲೂ ಒಂದು ತನ್ಸು ಇದೆ. ಬಣ್ಣ ಬೂದಿ ಬೂದಿಯಾಗಿದೆ. ವಾರ್ನಿಶ್ ಹೊಡೆಸಬಹುದಾ? ಮಳೆಗಾಲದಲ್ಲಿ ಡ್ರಾಯರ್ ಬಿಗಿಯಾಗುತ್ತದೆ, ಉಜ್ಜಿ ತೆಳು ಮಾಡಿಸಲಾ?
– ಓದುಗರು, ಮಂಜೇಶ್ವರ

ಉತ್ತರ: ಎರಡೂ ಬೇಡ, ದಯವಿಟ್ಟು. ಕಿರಿ ಮರ ತೇವ ಹೀರಿ ಉಬ್ಬುತ್ತದೆ, ಸಂದು ಮುಚ್ಚಿಕೊಳ್ಳುತ್ತದೆ, ಹೊರಗಿನ ಥಂಡಿ ಬಟ್ಟೆಗೆ ತಾಗುವುದಿಲ್ಲ. ಒಣ ಹವೆ ಬಂದಾಗ ಮತ್ತೆ ಸಡಿಲ. ನಿಮಗೆ ಕಿರಿಕಿರಿ ಅನಿಸುವ ಆ ಬಿಗಿಯೇ ಪೆಟ್ಟಿಗೆಯ ಕೆಲಸ! ವಾರ್ನಿಶ್ ಹೊಡೆದರೆ ಆ ಉಸಿರಾಟ ನಿಂತಿತು. ಜಪಾನಿನಲ್ಲಿ ಕಿರಿ ಪೆಟ್ಟಿಗೆ ಹಳತಾದರೆ ಮೇಲಿನ ಪದರವನ್ನು ತೆಳ್ಳಗೆ ಕೀಸುಳಿ ಹೊಡೆದು, ಸಣ್ಣ ಮಣ್ಣಿನ ಪುಡಿಯನ್ನು ಒಂದು ಕಾಯಿಯ ಕಷಾಯದಲ್ಲಿ ಕಲಸಿ ಹಚ್ಚುತ್ತಾರೆ, ಹೊಸದರಂತೆ ಕಾಣುತ್ತದೆ. ಆ ಕೆಲಸ ಗೊತ್ತಿರುವವರು ಇಲ್ಲಿ ಸಿಗದಿದ್ದರೆ ಬೂದಿ ಬಣ್ಣ ಹಾಗೇ ಇರಲಿ. ಒಣ ಬಟ್ಟೆಯಲ್ಲಿ ಧೂಳು ಒರೆಸಿ, ಒದ್ದೆ ಬಟ್ಟೆ ತಾಗಿಸಬೇಡಿ.

ಕಪ್ಪು ಅಥವಾ ಕೆಂಪು ಹೊಳಪು ಇದ್ದರೆ ಅದು ಉರುಶಿ ಎಂಬ ಮರದ ಹಾಲಿನ ಲೇಪ ಇರಬಹುದು, ಅದಕ್ಕೆ ಥಿನ್ನರ್ ತಾಗಿಸಬೇಡಿ. ಈ ಮರ ನಮ್ಮ ಗೇರು ಮರದ ಕುಟುಂಬದ್ದೇ. ಹಸಿ ಉರುಶಿ ತಾಗಿದರೆ ಮೈ ತುರಿಸಿ ಗುಳ್ಳೆ ಏಳುತ್ತದೆ, ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿದವರಿಗೆ ವಿವರಿಸಬೇಕಾಗಿಲ್ಲ ಅಲ್ವಾ! ಅದೇ ಗೇರು ಎಣ್ಣೆಯಿಂದ ಮಾಡಿದ ಬಣ್ಣವನ್ನು ಜಪಾನಿನಲ್ಲಿ ಉರುಶಿಯ ಬದಲಿಗೂ ಬಳಸುತ್ತಾರೆ. ಒಣಗಿದ ಮೇಲೆ ಏನೂ ತೊಂದರೆ ಇಲ್ಲ.

ಪ್ರಶ್ನೆ: ಇದರಲ್ಲಿ ರೇಷ್ಮೆ ಸೀರೆ ಇಡಬಹುದಾ? ಒರಲೆ ಹಿಡಿಯುತ್ತದಾ?
– ಓದುಗರು, ಮುಳ್ಳೇರಿಯ

ಉತ್ತರ: ಧಾರಾಳವಾಗಿ ಇಡಿ. ಜಪಾನಿನವರ ಉದ್ದ ಉಡುಪು ಕಿಮೋನೊವನ್ನು ಕಾಗದದಲ್ಲಿ ಸುತ್ತಿ ಚಪ್ಪಟೆಯಾಗಿ ಇಡುವುದಕ್ಕೇ ಡ್ರಾಯರ್ ಇಷ್ಟು ಅಗಲ. ಸೀರೆಯನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ, ಒಂದರ ಮೇಲೊಂದು ತುರುಕಬೇಡಿ. ನುಸಿಗುಳಿಗೆ ಜರಿಗೆ ತಾಗದಿರಲಿ. ಆಟಿಯ ಮಳೆಯಲ್ಲಿ ಸುಮ್ನೆ ತೆರೆದು ನೋಡುತ್ತಾ ಇರಬೇಡಿ. ಧನು–ಮಕರದ ಒಣ ದಿನ ನೋಡಿ ಸೀರೆಗಳನ್ನು ನೆರಳಲ್ಲಿ ಗಾಳಿಗೆ ಹರಡಿ.

ಕಿರಿಗೆ ಹುಳ ಕಡಿಮೆ ಅನ್ನುವ ಹೆಸರಿದೆ, ಆದರೆ ನಮ್ಮ ಒರಲೆಯನ್ನು ನಂಬಬೇಡಿ. ಗೋಡೆಯಿಂದ ಒಂದು ಗೇಣು ದೂರ, ನೆಲದಿಂದ ಎತ್ತರಕ್ಕೆ ಕಲ್ಲಿನ ತುಂಡುಗಳ ಮೇಲೆ ಇಡಿ, ತಿಂಗಳಿಗೊಮ್ಮೆ ಹಿಂದೆ ಟಾರ್ಚ್ ಹಾಕಿ ನೋಡಿ.

ಪ್ರಶ್ನೆ: ನಮ್ಮ ಆಚಾರಿಯಿಂದ ಹಲಸಿನಲ್ಲಿ ಇಂಥದ್ದೇ ಮಾಡಿಸಬಹುದಾ?
– ಓದುಗರು, ಕುಂಬಳೆ

ಉತ್ತರ: ಮಾಡಿಸಬಹುದು, ಆದರೆ ಹೊರಲು ಆಳು ಹುಡುಕಿ! ಶಿವನೆ ಮರ ಸಿಕ್ಕಿದರೆ ಅದರಲ್ಲಿ ಮಾಡಿಸಿ. ಹಗುರ, ಒಣಗಿದ ಮೇಲೆ ಜಾಸ್ತಿ ಸೊಟ್ಟಗಾಗುವುದಿಲ್ಲ, ಕೆತ್ತಲೂ ಸುಲಭ.