ಗಂಟೆ, ಕೀರ್ತನೆ, ಪಾತ್ರೆ: ಸೆಮಿನರಿ ಬದುಕಿನ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನನ್ನ ಮಗಳು, ಅಳಿಯ ಇಬ್ಬರು ಮಕ್ಕಳನ್ನು ಕರೆದುಕೊಂಡು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿರುವ ನಶೋಟಾ ಹೌಸ್ ಸೆಮಿನರಿಗೆ ಹೊರಟಿದ್ದಾರೆ. ಅಳಿಯ ಅಲ್ಲಿ ಪಾದ್ರಿಯಾಗಲು ಓದುತ್ತಾನೆ. ದಿನಾ ಬೆಳಿಗ್ಗೆ, ಸಂಜೆ ಚಾಪೆಲ್‌ಗೆ ಹೋಗಬೇಕಂತೆ. ಅದರ ಮೇಲೆ ಕೈಕೆಲಸವೂ ಇದೆಯಂತೆ. ಓದಲು ಹೋದವನಿಗೆ ಇದೆಲ್ಲ ಯಾಕೆ?
– ಒಬ್ಬ ತಾಯಿ, ಮಂಗಳೂರು

ಉತ್ತರ: ಅಮ್ಮಾ, ಆ ಆಂಗ್ಲಿಕನ್ (ಇಂಗ್ಲೆಂಡಿನ ಚರ್ಚಿನ ಪರಂಪರೆಯ) ಸೆಮಿನರಿ ಹುಟ್ಟಿದ್ದೇ ಹಾಗೆ. 1842ರಲ್ಲಿ ಜೇಮ್ಸ್ ಲಾಯ್ಡ್ ಬ್ರೆಕ್, ವಿಲಿಯಂ ಆಡಮ್ಸ್, ಜಾನ್ ಹೆನ್ರಿ ಹೋಬಾರ್ಟ್ ಎಂಬ ಮೂವರು ಯುವಕರು ನ್ಯೂಯಾರ್ಕ್‌ನಲ್ಲಿ ಓದು ಮುಗಿಸಿ, ಬಿಷಪ್ ಜಾಕ್ಸನ್ ಕೆಂಪರ್ ಕರೆದರು ಅಂತ ವಿಸ್ಕಾನ್ಸಿನ್‌ನ ಕೆರೆಗಳ ದಡಕ್ಕೆ ಬಂದು ಅದನ್ನು ಶುರು ಮಾಡಿದರು. ಆಗ ಅದು ಕಾಡು. ವಿದ್ಯಾರ್ಥಿಗಳು ಪ್ರಾರ್ಥನೆ ಮಾಡುತ್ತಿದ್ದರು, ಗ್ರೀಕ್ ಓದುತ್ತಿದ್ದರು, ಹೊಲಕ್ಕೂ ಇಳಿಯುತ್ತಿದ್ದರು. ಊಟ ಬೇಕಲ್ವಾ? ಪ್ರಾರ್ಥನೆ, ಕೆಲಸ, ಓದು ಮೂರನ್ನೂ ಒಂದೇ ದಿನದೊಳಗೆ ಹೆಣೆಯುವ ಈ ಕ್ರಮ ಬೆನೆಡಿಕ್ಟ್ ಸಂನ್ಯಾಸಿಗಳ ಮಠಗಳಿಂದ ಬಂದದ್ದು. ನಶೋಟಾದಲ್ಲಿ ಇವತ್ತಿಗೂ ಅದೇ ನಡೆಯುತ್ತದೆ. ಅಂಗಳದಲ್ಲಿ ‘ಮೈಕಲ್’ ಅಂತ ಹೆಸರಿಟ್ಟ ದೊಡ್ಡ ಗಂಟೆ ಇದೆ. ಅದು ಹೊಡೆದಾಗ ಕೈಯಲ್ಲಿರುವುದನ್ನು ಬಿಟ್ಟು ನಿಲ್ಲಬೇಕು.

ನಿಮ್ಮ ಅಳಿಯ ನಾಳೆ ಒಂದು ಸಭೆಯ (ಚರ್ಚಿನ) ಪಾದ್ರಿಯಾಗುತ್ತಾನೆ. ರಾತ್ರಿ ಹನ್ನೊಂದಕ್ಕೆ ಆಸ್ಪತ್ರೆಯಿಂದ ಫೋನ್ ಬರುತ್ತದೆ, ಅರ್ಧ ಬರೆದ ಉಪದೇಶ ಬಿಟ್ಟು ಎದ್ದು ಹೋಗಬೇಕು. ಹಾಗೆ ಎದ್ದು ಹೋಗುವುದನ್ನು ಯಾವ ಪುಸ್ತಕವೂ ಕಲಿಸುವುದಿಲ್ಲ, ದಿನಾ ಗಂಟೆಗೆ ಏಳುವವನಿಗೆ ಅದು ಮೈಗೆ ಬಂದಿರುತ್ತದೆ. ಕೈಕೆಲಸವೂ ಅಷ್ಟೇ. ಹಳೆಯ ಒಡಂಬಡಿಕೆಯಲ್ಲಿ ಮೊದಲ ಅಂಕ ತೆಗೆದವನೂ ಪಾಸಾಗಲು ಒದ್ದಾಡಿದವನೂ ಒಂದೇ ತೊಟ್ಟಿಯ ಮುಂದೆ ನಿಂತು ಪಾತ್ರೆ ಉಜ್ಜುವುದನ್ನು ನನ್ನ ಹಾಸ್ಟೆಲ್ ದಿನಗಳಲ್ಲಿ ನೋಡಿದ್ದೇನೆ. ತರಗತಿಯಲ್ಲಿ ಒಂದು ವಾರದಿಂದ ಮಾತು ಬಿಟ್ಟಿದ್ದ ಇಬ್ಬರು, ತಳ ಹಿಡಿದ ಅನ್ನದ ಪಾತ್ರೆ ಕೆರೆಯುತ್ತಾ ಮಾತಿಗೆ ಇಳಿದದ್ದನ್ನೂ ನೋಡಿದ್ದೇನೆ.

ನನಗೆ ಅಳಿಯನಿಗಿಂತ ನಿಮ್ಮ ಮಗಳ ಯೋಚನೆಯೇ ಜಾಸ್ತಿ. ಅವನಿಗೆ ಗಂಟೆ ಇದೆ, ತರಗತಿ ಇದೆ, ಗೆಳೆಯರಿದ್ದಾರೆ. ಅವಳಿಗೆ ಏನಿದೆ? ವಿಸ್ಕಾನ್ಸಿನ್ ಚಳಿಗೆ ಕೆರೆಯೇ ಹೆಪ್ಪುಗಟ್ಟುತ್ತದೆ, ಚಿಕ್ಕ ಮಕ್ಕಳನ್ನು ಇಟ್ಟುಕೊಂಡು ತಿಂಗಳುಗಟ್ಟಲೆ ಮನೆಯೊಳಗೇ ಇರಬೇಕಾಗಬಹುದು. ಕುಟುಂಬಗಳು ಕ್ಯಾಂಪಸ್ಸಿನಲ್ಲೇ ಇರುವುದರಿಂದ ಅಕ್ಕಪಕ್ಕ ಜನ ಇರುತ್ತಾರೆ, ಅದು ಒಳ್ಳೆಯದು. ಆದರೂ ಹೊರಡುವ ಮೊದಲೇ ಗಂಡ ಹೆಂಡತಿ ಕೂತು, ಅವಳಿಗಾಗಿ ವಾರದಲ್ಲಿ ಯಾವ ಹೊತ್ತು ಬಿಡುವು ಅಂತ ಮಾತಾಡಿಕೊಳ್ಳಲಿ. ನೀವೂ ಫೋನ್ ಮಾಡಿದಾಗ ಅಳಿಯನ ಪರೀಕ್ಷೆಗಿಂತ ಮೊದಲು ಅವಳ ದಿನ ಹೇಗಿತ್ತು ಅಂತ ಕೇಳಿ.

ಪ್ರಶ್ನೆ: ನಾವು ಸಿ.ಎಸ್.ಐ. ನಾವೂ ಆಂಗ್ಲಿಕನ್ನರಾ?
– ಓದುಗರು, ಧಾರವಾಡ

ಉತ್ತರ: ಅರ್ಧ ಹೌದು. 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್, ಮೆಥಡಿಸ್ಟ್ ಮತ್ತು ಮೊದಲೇ ಒಂದಾಗಿದ್ದ ಇನ್ನು ಕೆಲವು ಸಭೆಗಳು ಸೇರಿ ದಕ್ಷಿಣ ಭಾರತ ಸಭೆ (ಸಿ.ಎಸ್.ಐ.) ಆಯಿತು. ಇಂದು ಅದು ಜಗತ್ತಿನ ಆಂಗ್ಲಿಕನ್ ಒಕ್ಕೂಟದಲ್ಲೂ ಇದೆ. ಬೆಂಗಳೂರಿನ ಸೇಂಟ್ ಮಾರ್ಕ್ಸ್ ಆಂಗ್ಲಿಕನ್ ಚರ್ಚಾಗಿತ್ತು. ನಿಮ್ಮ ಕಡೆಯದಕ್ಕೆ ಆಂಗ್ಲಿಕನ್ ಬೇರಲ್ಲ, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಬೇರು.

ಪ್ರಶ್ನೆ: ಬೆಂಗಳೂರಿನವನು, ಈಗ ಇಂಗ್ಲೆಂಡಿನಲ್ಲಿ ಪಾದ್ರಿ ತರಬೇತಿಯಲ್ಲಿದ್ದೇನೆ. ಐದು ತಿಂಗಳಾಯಿತು. ದಿನಾ ಎರಡು ಹೊತ್ತು ಬೈಬಲಿನ ಕೀರ್ತನೆ ಓದಿ ಓದಿ ಬರೀ ಬಾಯಿ ಆಡುತ್ತಿದೆ, ಮನಸ್ಸು ಎಲ್ಲೋ ಇದೆ. ನಾನು ಕಪಟಿಯಾ?
– ಹೆಸರು ಬೇಡ

ಉತ್ತರ: ಅಲ್ಲ ತಮ್ಮಾ. ಈ ಹೊತ್ತು ಎಲ್ಲರಿಗೂ ಬರುತ್ತದೆ, ನನಗೂ ಬಂದಿತ್ತು.

1549ರಲ್ಲಿ ಇಂಗ್ಲೆಂಡಿನ ಆರ್ಚ್‌ಬಿಷಪ್ ಕ್ರಾನ್ಮರ್ ಪ್ರಾರ್ಥನಾ ಪುಸ್ತಕ ಮಾಡಿದಾಗ, ಮಠಗಳ ಅಷ್ಟೂ ಹೊತ್ತಿನ ಪ್ರಾರ್ಥನೆಯನ್ನು ಬೆಳಿಗ್ಗೆ, ಸಂಜೆ ಎರಡಕ್ಕೆ ತಂದರು. 150 ಕೀರ್ತನೆಗಳನ್ನು ತಿಂಗಳ ಮೂವತ್ತು ದಿನಕ್ಕೆ ಹಂಚಿದರು. ಅಂದರೆ ಕೀರ್ತನೆ ಬರುವುದು ತಾರೀಖು ನೋಡಿ, ನಿಮ್ಮ ಮನಸ್ಸು ನೋಡಿ ಅಲ್ಲ. 17ನೇ ತಾರೀಖು ಬೆಳಿಗ್ಗೆ 88ನೇ ಕೀರ್ತನೆ ಬರುತ್ತದೆ. ಬೇರೆ ದುಃಖದ ಕೀರ್ತನೆಗಳು ಹೆಚ್ಚಾಗಿ ಕೊನೆಯಲ್ಲಾದರೂ ಬೆಳಕಿಗೆ ತಿರುಗುತ್ತವೆ. ಇದು ಕತ್ತಲೆಯಲ್ಲೇ ನಿಲ್ಲುತ್ತದೆ.

ಅಂಥ ಒಂದು 17ರ ಬೆಳಿಗ್ಗೆ ನಾನು ಸುಮ್ನೆ ಓದುತ್ತಿದ್ದೆ, ಮನಸ್ಸು ತಿಂಡಿಯ ಮೇಲಿತ್ತು. ನಮ್ಮಲ್ಲಿ ಎರಡು ಸಾಲು ಎದುರುಬದುರಾಗಿ ನಿಂತು, ಒಂದು ವಚನ ನಾವು, ಒಂದು ವಚನ ಅವರು ಹೇಳುವುದು. ವಚನದ ನಡುವೆ ಗುರುತು ಇರುವಲ್ಲಿ ಎಲ್ಲರೂ ಒಂದು ಉಸಿರು ನಿಲ್ಲಿಸುತ್ತೇವೆ. ಎದುರು ಸಾಲಿನಲ್ಲಿದ್ದ ಗೆಳೆಯ ಹಿಂದಿನ ವಾರವಷ್ಟೇ ಅವ್ವನನ್ನು ಮಣ್ಣು ಮಾಡಿ ಬಂದಿದ್ದ. ಆ ನಿಲುಗಡೆಯಲ್ಲಿ ಅವನ ಕಡೆ ನೋಡಿದೆ. ಪುಸ್ತಕ ತೆರೆದೇ ಇತ್ತು, ಹೆಬ್ಬೆರಳು ಸಾಲಿನ ಮೇಲಿತ್ತು, ತುಟಿ ಅಲ್ಲಾಡುತ್ತಿರಲಿಲ್ಲ. ಅವನ ಅಕ್ಕಪಕ್ಕದವರು ದನಿ ಏರಿಸಲಿಲ್ಲ, ಅವನತ್ತ ತಿರುಗಲೂ ಇಲ್ಲ. ಅವನ ಪಾಲಿನ ವಚನವನ್ನು ಹೇಳಿ ಮುಗಿಸಿದರು. ಆ ಬೆಳಿಗ್ಗೆ ನನ್ನ ಖಾಲಿ ಬಾಯಿಯೂ ಅವನ ಕೆಲಸಕ್ಕೆ ಬಂತು ಅಂತ ನನಗೆ ಗೊತ್ತಾದದ್ದು ಆಗಲೇ.

ಆದ್ದರಿಂದ ಚಾಪೆಲ್ ತಪ್ಪಿಸಬೇಡಿ. ಭಾವನೆ ತಂದುಕೊಳ್ಳಲು ಹೆಣಗಬೇಡಿ. ನಡುವಿನ ನಿಲುಗಡೆಯಲ್ಲಿ ಎದುರು ನಿಂತವರಲ್ಲಿ ಒಬ್ಬರ ಮುಖ ನೋಡಿ, ಮುಂದಿನ ಅರ್ಧವನ್ನು ಅವರಿಗಾಗಿ ಹೇಳಿ. ನಿದ್ದೆ ಸರಿಯಾಗಿ ಬರುತ್ತಿಲ್ಲ, ಊಟ ಸೇರುತ್ತಿಲ್ಲ ಅಂತಾದರೆ ಮಾತ್ರ ಅದನ್ನು ಪ್ರಾರ್ಥನೆಯ ಸಮಸ್ಯೆ ಅಂದುಕೊಂಡು ಕೂರಬೇಡಿ, ನಿಮ್ಮ ಟ್ಯೂಟರ್‌ಗೂ ಡಾಕ್ಟರಿಗೂ ಹೇಳಿ.

ಈ ಸಂಚಿಕೆ ನಿಮಗೆ ಸಿಗುವ ಹೊತ್ತಿಗೆ 15ನೇ ತಾರೀಖು ಹತ್ತಿರ ಬಂದಿರುತ್ತದೆ. ಅವತ್ತು ಸಂಜೆ 78ನೇ ಕೀರ್ತನೆ, ಎಪ್ಪತ್ತು ದಾಟಿದ ವಚನಗಳು. ಸ್ವಲ್ಪ ನೀರು ಕುಡಿದು ಹೋಗಿ.